ರೇಡಿಯಾಗ್ರಫಿ ಕಲಿಯುವವರಿಗೆ ಸಂಶೋಧನೆಯ ಪಾಠ: ವ್ಯಾಖ್ಯೆ ಬಿಡಿ, ಅಳತೆಯಿಂದ ಶುರು ಮಾಡಿ

ಪ್ರಶ್ನೆ: ನಾನು ರೇಡಿಯಾಗ್ರಫಿ ಕೋರ್ಸಿನಲ್ಲಿ ಪಾಠ ಮಾಡುತ್ತೇನೆ. ಈ ಸಲ ಎರಡನೇ ವರ್ಷದವರಿಗೆ ಮಾಪನ, ಸಂಶೋಧನೆ ಮತ್ತು ಪುರಾವೆ ಆಧಾರಿತ ಕೆಲಸ ಅನ್ನೋ ವಿಷಯ ನನ್ನ ಪಾಲಿಗೆ ಬಂದಿದೆ. ಪೊಸಿಷನಿಂಗ್ ತರಗತಿಯಲ್ಲಿ ಚುರುಕಾಗಿರುವ ಹುಡುಗರೇ ಇಲ್ಲಿ ಆಕಳಿಸುತ್ತಾರೆ. "ನಾವು ಚಿತ್ರ ತೆಗೆಯೋರು, ಸಂಶೋಧನೆ ಡಾಕ್ಟರುಗಳ ಕೆಲಸ ಅಲ್ವಾ?" ಅಂತ ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? ಅಂಕಿಅಂಶ ಎಷ್ಟು ಹೇಳಿಕೊಡಬೇಕು? ಪ್ರಾಜೆಕ್ಟ್ ಏನು ಕೊಡಲಿ, ಪರೀಕ್ಷೆ ಹೇಗೆ ಮಾಡಲಿ?

ಉತ್ತರ: ಹುಡುಗರ ಆಕಳಿಕೆಗೆ ಕಾರಣ ಇದೆ. ಈ ವಿಷಯದ ಪಾಠಗಳು ಸಾಮಾನ್ಯವಾಗಿ "ಸಂಶೋಧನೆ ಎಂದರೇನು, ಅದರ ವಿಧಗಳು ಎಷ್ಟು" ಅಂತ ಶುರುವಾಗುತ್ತವೆ. ಆಮೇಲೆ ಹೈಪಾಥಿಸಿಸ್, ಸ್ಯಾಂಪಲಿಂಗ್, ಪಿ ವ್ಯಾಲ್ಯೂ. ಇದೆಲ್ಲ ತಮ್ಮ ಕೈಕೆಲಸಕ್ಕೆ ಹೇಗೆ ತಾಗುತ್ತದೆ ಅನ್ನೋದು ಅವರಿಗೆ ಕಾಣುವುದೇ ಇಲ್ಲ. ನಾನು ಹೇಳುವುದು ಇಷ್ಟು: ಮೊದಲ ಕೆಲವು ವಾರ ಸಂಶೋಧನೆ ಅನ್ನೋ ಮಾತನ್ನೇ ಎತ್ತಬೇಡಿ. ಅಳತೆ ಮಾಡಿಸಿ. ಒಂದೇ ಚಿತ್ರವನ್ನು ಎಲ್ಲರ ಕೈಗೂ ಕೊಟ್ಟು ಅಳೆಸಿ. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮ ಪಾಠ ಶುರುವಾಗುವುದು ಅಲ್ಲಿಂದ.

ಇದಕ್ಕೆ ನಾನು ಮೊದಲು ಆರಿಸುವುದು ಕಾಬ್ ಕೋನವನ್ನು. ಬೆನ್ನುಮೂಳೆ ಪಕ್ಕಕ್ಕೆ ಎಷ್ಟು ಬಾಗಿದೆ ಅಂತ ಅಳೆಯಲು ಜಾನ್ ಕಾಬ್ 1948ರಲ್ಲಿ ಹೇಳಿದ ವಿಧಾನ ಇದು, ಇವತ್ತಿಗೂ ಎಲ್ಲ ಕಡೆ ಇದನ್ನೇ ಬಳಸುತ್ತಾರೆ. ಬಾಗಿನ ಮೇಲ್ತುದಿಯಲ್ಲಿ ಅತಿ ಹೆಚ್ಚು ವಾಲಿರುವ ಕಶೇರುವಿನ (ಬೆನ್ನುಮೂಳೆಯ ಒಂದು ತುಂಡು) ಮೇಲಂಚಿಗೆ ಒಂದು ಗೆರೆ, ಕೆಳತುದಿಯಲ್ಲಿ ಅತಿ ಹೆಚ್ಚು ವಾಲಿರುವುದರ ಕೆಳಅಂಚಿಗೆ ಇನ್ನೊಂದು ಗೆರೆ, ನಡುವೆ ಬರುವ ಕೋನವೇ ಉತ್ತರ. 10 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಇದ್ದರೆ ಸ್ಕೋಲಿಯೋಸಿಸ್. ಕೇಳಲು ಸುಲಭ. ಹೆಸರು, ವಿವರ ಎಲ್ಲ ತೆಗೆದ ಒಂದು ಚಿತ್ರವನ್ನು ಇಡೀ ತರಗತಿಗೆ ಕೊಡಿ. ಪಕ್ಕದವರ ಉತ್ತರ ನೋಡದೆ ಅಳೆಯಲಿ, ಚೀಟಿಯಲ್ಲಿ ಬರೆದು ಕೊಡಲಿ. ಎರಡು ವಾರ ಬಿಟ್ಟು ಅದೇ ಚಿತ್ರವನ್ನು ಬೇರೆ ಚಿತ್ರಗಳ ನಡುವೆ ಸೇರಿಸಿ ಇನ್ನೊಮ್ಮೆ ಅಳೆಸಿ. ಹಳೆಯದೇ ಚಿತ್ರ ಅಂತ ಹೇಳಬೇಡಿ.

ಚೀಟಿಗಳನ್ನು ಬೋರ್ಡಿನ ಮೇಲೆ ಬರೆದಾಗ ಒಬ್ಬರದು 22, ಇನ್ನೊಬ್ಬರದು 26, ಮತ್ತೊಬ್ಬರದು 19 ಅಂತ ಬಂತು ಅಂದುಕೊಳ್ಳಿ. ಮೊದಲು ಎಲ್ಲರೂ "ಸರಿ ಉತ್ತರ ಯಾವುದು ಸಾರ್?" ಅಂತ ಕೇಳುತ್ತಾರೆ. ಉತ್ತರ ಹೇಳಬೇಡಿ. ಬದಲಿಗೆ ಒಂದು ಪ್ರಶ್ನೆ ಹಾಕಿ: ಈ ಹುಡುಗಿಗೆ ಆರು ತಿಂಗಳ ಹಿಂದೆ 22 ಇತ್ತು, ಈಗ 25 ಬಂದಿದೆ. ಬೆನ್ನು ಇನ್ನೂ ಬಾಗಿದೆಯಾ? ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಯಾರಾದರೂ ಹೇಳುತ್ತಾರೆ, "ನಾವು ಅಳೆಯೋದರಲ್ಲೇ ಅಷ್ಟು ವ್ಯತ್ಯಾಸ ಇದೆಯಲ್ಲ!" ಅದಕ್ಕೇ 5 ಡಿಗ್ರಿಗಿಂತ ಕಮ್ಮಿ ಬದಲಾವಣೆಯನ್ನು ವೈದ್ಯರು ಸಾಮಾನ್ಯವಾಗಿ ಬಾಗು ಹೆಚ್ಚಾದದ್ದು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನೋ ಮಾತನ್ನು ಈಗ ಹೇಳಿ. ಬೋರ್ಡಿನ ಮೇಲೆ ಚದುರಿ ಬಿದ್ದಿರುವ ತಮ್ಮದೇ ಉತ್ತರಗಳಿಗೆ ಒಂದು ಹೆಸರು ಸಿಕ್ಕಿತು ಅಂತ ಅವರಿಗೆ ಅನಿಸುತ್ತದೆ. ಸೂತ್ರ ತಾನಾಗಿಯೇ ಹಿಂದೆ ಬರುತ್ತದೆ.

ಇಲ್ಲಿಗೆ ನಿಲ್ಲಿಸಬೇಡಿ. ವ್ಯತ್ಯಾಸ ಎಲ್ಲಿಂದ ಬಂತು ಅಂತ ಹುಡುಕಿಸಿ. ಒಬ್ಬರು ಮೇಲ್ತುದಿಗೆ ಒಂದು ಕಶೇರು ಹಿಡಿದಿರುತ್ತಾರೆ, ಇನ್ನೊಬ್ಬರು ಅದರ ಕೆಳಗಿನದನ್ನು. ತುದಿಯ ಕಶೇರುಗಳನ್ನು ನೀವೇ ಗುರುತು ಹಾಕಿ ಕೊಟ್ಟು ಮತ್ತೆ ಅಳೆಸಿದರೆ ಚದುರುವಿಕೆ ಕಮ್ಮಿಯಾಗುವುದು ಕಣ್ಣಿಗೆ ಕಾಣುತ್ತದೆ. ಎಲ್ಲರೂ ಒಂದೇ ನಿಯಮ ಹಿಡಿದರೆ ಅಳತೆ ಎಷ್ಟು ಸುಧಾರಿಸುತ್ತದೆ ಅಂತ ಪ್ರೋಟೋಕಾಲ್ ಬಗ್ಗೆ ನೀವು ಮಾಡುವ ಯಾವ ಭಾಷಣಕ್ಕಿಂತ ಇದು ಚೆನ್ನಾಗಿ ತೋರಿಸುತ್ತದೆ.

ಇದರ ಬೆನ್ನಿಗೇ ಹೃದಯದ ಅಗಲ ಅಳೆಸಿ. ಎದೆಯ ಚಿತ್ರದಲ್ಲಿ ಹೃದಯದ ಅಗಲವನ್ನು ಎದೆಗೂಡಿನ ಒಳ ಅಗಲದಿಂದ ಭಾಗಿಸುವ ಅನುಪಾತ 1919ರಲ್ಲಿ ಡ್ಯಾನ್ಜರ್ ಅನ್ನುವವರು ಬಳಕೆಗೆ ತಂದದ್ದು. ದೊಡ್ಡವರಲ್ಲಿ 0.5 ದಾಟಿದರೆ ಹೃದಯ ದೊಡ್ಡದಾಗಿದೆಯೇನೋ ಅಂತ ನೋಡುತ್ತಾರೆ. ಹಾಸಿಗೆಯ ಬಳಿ 100 ಸೆಂಟಿಮೀಟರ್ ದೂರದಿಂದ ತೆಗೆದ ಎಪಿ ಚಿತ್ರ (ಕಿರಣ ಮುಂದಿನಿಂದ ಹಿಂದಕ್ಕೆ ಹಾಯುವುದು) ಒಂದನ್ನು ಕೊಡಿ. ಎಲ್ಲರ ಉತ್ತರವೂ 0.54ರ ಆಸುಪಾಸಿನಲ್ಲೇ ಬಂತು ಅಂತಿಟ್ಟುಕೊಳ್ಳಿ. ಈ ಸಲ ತರಗತಿಗೆ ಖುಷಿಯೋ ಖುಷಿ, ಎಲ್ಲರೂ ಹೊಂದಿದರಲ್ಲ! ಆಗ 180 ಸೆಂಟಿಮೀಟರ್‌ನಿಂದ ನಿಲ್ಲಿಸಿ ತೆಗೆದ ಅದೇ ವ್ಯಕ್ತಿಯ ಪಿಎ ಚಿತ್ರ (ಕಿರಣ ಹಿಂದಿನಿಂದ ಮುಂದಕ್ಕೆ ಹಾಯುವುದು) ತೋರಿಸಿ. ಎಪಿಯಲ್ಲಿ ಹೃದಯ ಡಿಟೆಕ್ಟರಿನಿಂದ ದೂರ ಇರುತ್ತದೆ, ಟ್ಯೂಬಿಗೆ ಹತ್ತಿರ ಇರುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. ರೋಗಿ ಮಲಗಿರುವುದೂ, ಉಸಿರು ಪೂರ್ತಿ ಎಳೆದುಕೊಳ್ಳದಿರುವುದೂ ಅದಕ್ಕೆ ಸೇರಿಕೊಳ್ಳುತ್ತವೆ. ಹಿಗ್ಗಿಹೋದ ಟೇಪಿನಿಂದ ಎಷ್ಟು ಜನ ಅಳೆದರೂ ಎಲ್ಲರಿಗೂ ಒಂದೇ ತಪ್ಪು ಉತ್ತರ ಬಂದ ಹಾಗೆ. ಕಾಬ್ ಕೋನದಲ್ಲಿ ಕಂಡದ್ದು ಆಕಸ್ಮಿಕ ದೋಷ, ಇದು ವ್ಯವಸ್ಥಿತ ದೋಷ. ಮೊದಲನೆಯದು ಹೆಚ್ಚು ಸಲ ಅಳೆದು ಸರಾಸರಿ ತೆಗೆದರೆ ಕಮ್ಮಿಯಾಗುತ್ತದೆ. ಎರಡನೆಯದು ಸಾವಿರ ಸಲ ಅಳೆದರೂ ಹೋಗುವುದಿಲ್ಲ. ಮುಂದೆ ಅವರು ಯಾವ ಪ್ರಬಂಧ ಓದಿದರೂ "ಸ್ಯಾಂಪಲ್ ದೊಡ್ಡದಿದೆ, ಆದ್ದರಿಂದ ಸರಿ" ಅನ್ನುವ ಬಲೆಗೆ ಬೀಳದಿರಲು ಈ ಒಂದು ಪಾಠ ಸಾಕು.

ಈಗ "ಸಂಶೋಧನೆ ನಮ್ಮದಲ್ಲ" ಅನ್ನೋ ಮಾತಿಗೆ ಬರೋಣ. ಅದಕ್ಕೆ ಒಂದು ಕಥೆ ಇದೆ, ತರಗತಿಯಲ್ಲಿ ಹೇಳಲೇಬೇಕು. 1940ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ದೊಡ್ಡ ಪ್ರಮಾಣದಲ್ಲಿ ಎದೆಯ ಎಕ್ಸ್‌ರೇ ತೆಗೆಯಬೇಕಿತ್ತು. ಚಿಕ್ಕ ಫಿಲ್ಮ್ ಸಾಕಾ, ದೊಡ್ಡದೇ ಬೇಕಾ, ಯಾವ ವಿಧಾನ ಒಳ್ಳೆಯದು ಅನ್ನೋದು ಪ್ರಶ್ನೆ. ಒಂದೇ ಜನರ ಎದೆಯನ್ನು ಬೇರೆ ಬೇರೆ ವಿಧಾನದಲ್ಲಿ ತೆಗೆದು, ಅನುಭವಿ ವೈದ್ಯರಿಗೆ ಓದಲು ಕೊಟ್ಟರು. ಫಲಿತಾಂಶ 1947ರಲ್ಲಿ ಪ್ರಕಟವಾಯಿತು. ಫಿಲ್ಮ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಓದುವವರ ನಡುವಿನ ವ್ಯತ್ಯಾಸವೇ ದೊಡ್ಡದಾಗಿತ್ತು! ಒಬ್ಬರೇ ಅದೇ ಚಿತ್ರವನ್ನು ಎರಡನೇ ಸಲ ಓದಿದಾಗಲೂ ತಮ್ಮ ಹಳೆಯ ಉತ್ತರಕ್ಕೆ ಎಷ್ಟೋ ಸಲ ಹೊಂದಲಿಲ್ಲ. ಈ ಲೆಕ್ಕ ನೋಡುತ್ತಿದ್ದ ಜೇಕಬ್ ಯೆರುಷಲ್ಮಿ ಅದೇ ವರ್ಷ ಬರೆದ ಲೇಖನದಲ್ಲಿ ಸೆನ್ಸಿಟಿವಿಟಿ (ರೋಗ ಇರುವವರಲ್ಲಿ ಎಷ್ಟು ಜನರನ್ನು ಹಿಡಿಯಿತು), ಸ್ಪೆಸಿಫಿಸಿಟಿ (ರೋಗ ಇಲ್ಲದವರಲ್ಲಿ ಎಷ್ಟು ಜನಕ್ಕೆ ಇಲ್ಲ ಅಂತಲೇ ಹೇಳಿತು) ಅನ್ನೋ ಎರಡು ಅಳತೆಗಳನ್ನು ರೋಗಪತ್ತೆಗೆ ಬಳಸಿದರು. ಇವತ್ತು ಯಾವ ರಕ್ತಪರೀಕ್ಷೆಯ ಬಗ್ಗೆ ಮಾತಾಡಿದರೂ ಬರುವ ಆ ಎರಡು ಮಾತು ಇಷ್ಟು ಬಳಕೆಗೆ ಬಂದದ್ದರಲ್ಲಿ ಎದೆಯ ಎಕ್ಸ್‌ರೇ ಓದುವ ಜಗಳದ ಪಾಲೂ ಇದೆ. ಈಗ ಕೇಳಿ, ಇದು ಯಾರ ವಿಷಯ?

ಅಂಕಿಅಂಶ ಎಷ್ಟು ಅಂತ ಕೇಳಿದ್ದೀರಿ. ಸರಾಸರಿ, ಮೀಡಿಯನ್, ಚದುರುವಿಕೆ, ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಬೆಲೆ ಎಷ್ಟರಿಂದ ಎಷ್ಟರ ನಡುವೆ ಇರಬಹುದು ಅನ್ನುವ ಅಂದಾಜು), ಸೆನ್ಸಿಟಿವಿಟಿ ಜೋಡಿ ಮತ್ತು ಒಪ್ಪಿಗೆಯ ಅಳತೆ. ಇಷ್ಟೇ. ಟಿ ಟೆಸ್ಟಿನ ಸೂತ್ರ ಬಾಯಿಪಾಠ ಮಾಡಿಸಿ ಪ್ರಯೋಜನ ಇಲ್ಲ, ಕಂಪ್ಯೂಟರ್ ಮಾಡುತ್ತದೆ. ಆದರೆ ಒಪ್ಪಿಗೆಯ ಅಳತೆಗೆ ಸಮಯ ಕೊಡಿ. ನಮ್ಮ ಕ್ಷೇತ್ರದಲ್ಲಿ ಅರ್ಧ ಪ್ರಶ್ನೆಗಳು "ಇಬ್ಬರು ಒಂದೇ ರೀತಿ ನೋಡುತ್ತಾರಾ" ಅನ್ನುವುದರ ಮೇಲೇ ನಿಂತಿವೆ.

ಇಬ್ಬರು ಓದುವವರು ಇದ್ದಾರೆ ಅಂದುಕೊಳ್ಳಿ. ಇಬ್ಬರೂ 100ರಲ್ಲಿ 90 ಚಿತ್ರಕ್ಕೆ ನಾರ್ಮಲ್ ಅನ್ನುತ್ತಾರೆ. 86 ಚಿತ್ರಗಳಲ್ಲಿ ಇಬ್ಬರ ಉತ್ತರವೂ ಒಂದೇ. 86 ಪರ್ಸೆಂಟ್ ಒಪ್ಪಿಗೆ, ಭಲೇ ಅನಿಸುತ್ತದೆ. ಆದರೆ ಇಬ್ಬರೂ ಕಣ್ಣು ಮುಚ್ಚಿಕೊಂಡು ಅದೇ ಲೆಕ್ಕದಲ್ಲಿ ನಾರ್ಮಲ್ ಅನ್ನುತ್ತಾ ಹೋಗಿದ್ದರೂ 82 ಚಿತ್ರಗಳಲ್ಲಿ ಸುಮ್ನೆ ಹೊಂದಿಬಿಡುತ್ತಿತ್ತು. 0.9 ಗುಣಿಸು 0.9, ಕೂಡಿಸು 0.1 ಗುಣಿಸು 0.1. ಅದೃಷ್ಟದಿಂದ ಬರುವುದನ್ನು ಕಳೆದರೆ ಗಳಿಕೆ ಉಳಿಯುವುದು ಬರೀ 4. ಸಿಗಬಹುದಾಗಿದ್ದದ್ದು 18. 4 ಭಾಗಿಸು 18, ಅಂದರೆ ಸುಮಾರು 0.22. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅಂದರೆ ಇದೇ. ಹುಡುಗರು ಬೋರ್ಡಿನ ಮೇಲೆ ತಾವೇ ಮಾಡಲಿ, ಐದು ನಿಮಿಷದ ಕೆಲಸ.

ಅಳತೆಯ ಸಂಖ್ಯೆಗಳಿಗೆ ಇನ್ನೊಂದು ಬಲೆ ಇದೆ. ಒಬ್ಬರು ಪ್ರತಿ ಸಲ ಇನ್ನೊಬ್ಬರಿಗಿಂತ ಸರಿಯಾಗಿ 5 ಡಿಗ್ರಿ ಜಾಸ್ತಿ ಅಳೆದರೆ ಕೋರಿಲೇಷನ್ (ಎರಡು ಅಳತೆಗಳು ಜೊತೆಜೊತೆಗೆ ಏರಿಳಿಯುತ್ತವಾ ಅನ್ನುವ ಸಂಖ್ಯೆ) 1 ಬರುತ್ತದೆ, ಆದರೆ ಒಂದು ಸಲವೂ ಇಬ್ಬರು ಒಪ್ಪಿಲ್ಲ. ಬ್ಲ್ಯಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಇದನ್ನು ಬಿಡಿಸಿ ಹೇಳಿದರು: ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಗುರುತು ಹಾಕಿ ನೋಡಿ. ಇಷ್ಟು ವರ್ಷ ಆದರೂ ಕೋರಿಲೇಷನ್ ತೋರಿಸಿ "ಎರಡೂ ವಿಧಾನ ಹೊಂದುತ್ತವೆ" ಅನ್ನುವ ಪ್ರಬಂಧಗಳು ಇನ್ನೂ ಬರುತ್ತಲೇ ಇವೆ.

ಇನ್ನು ಪುರಾವೆ ಆಧಾರಿತ ಕೆಲಸ. ಇದಕ್ಕೆ ಗೋನಾಡ್ (ವೃಷಣ, ಅಂಡಾಶಯ) ಶೀಲ್ಡ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 1950ರ ದಶಕದಿಂದ ಸೊಂಟದ ಚಿತ್ರ ತೆಗೆಯುವಾಗ ಸೀಸದ ಹೊದಿಕೆ ಇಡುವುದು ಒಳ್ಳೆಯ ರೇಡಿಯಾಗ್ರಫರಿನ ಲಕ್ಷಣ ಅಂತ ಕಲಿಸುತ್ತಾ ಬಂದರು. ಪರೀಕ್ಷೆಯಲ್ಲಿ ಇಡಲು ಮರೆತರೆ ಅಂಕ ಕಡಿತ. ವಿಕಿರಣದಿಂದ ಮುಂದಿನ ಪೀಳಿಗೆಗೆ ತೊಂದರೆ ದಾಟುತ್ತದೆ ಅನ್ನುವ ಭಯ ಅದರ ಹಿಂದೆ ಇತ್ತು, ಆ ಕಾಲಕ್ಕೆ ಅದು ಸರಿಯಾದ ಎಚ್ಚರವೇ. ಆಮೇಲೆ ಏನಾಯಿತು ನೋಡಿ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಮಕ್ಕಳನ್ನು ದಶಕಗಟ್ಟಲೆ ಗಮನಿಸಿದರೂ ಅಂಥ ತೊಂದರೆಯಲ್ಲಿ ಸ್ಪಷ್ಟ ಏರಿಕೆ ಸಿಗಲಿಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಗೋನಾಡ್‌ಗೆ ಕೊಟ್ಟಿದ್ದ ತೂಕ, ಅಂದರೆ ಒಟ್ಟು ಅಪಾಯದಲ್ಲಿ ಅದರ ಪಾಲು, 1977ರಲ್ಲಿ 0.25 ಇತ್ತು, 1990ರ ಶಿಫಾರಸಿನಲ್ಲಿ 0.20 ಆಯಿತು, 2007ರಲ್ಲಿ 0.08ಕ್ಕೆ ಇಳಿಯಿತು. ಯಂತ್ರಗಳೂ ಸುಧಾರಿಸಿ ಒಂದು ಚಿತ್ರದ ಡೋಸ್ ಬಹಳ ಕಮ್ಮಿಯಾಯಿತು.

ಇನ್ನೊಂದು ಕಡೆ, ಶೀಲ್ಡ್ ನಿಜವಾಗಿ ಏನು ಮಾಡುತ್ತಿದೆ ಅಂತ ಅಳೆದು ನೋಡಿದರು. ಎಷ್ಟೋ ಸಲ ಅದು ಜಾಗದಲ್ಲೇ ಇರುವುದಿಲ್ಲ, ಹೆಣ್ಣುಮಕ್ಕಳಲ್ಲಂತೂ ಅಂಡಾಶಯ ಎಲ್ಲಿದೆ ಅಂತ ಹೊರಗಿನಿಂದ ಹೇಳುವುದೇ ಕಷ್ಟ. ನೋಡಬೇಕಾದ ಮೂಳೆಯನ್ನೇ ಮುಚ್ಚಿದರೆ ರಿಪೀಟ್. ಆಟೋಮ್ಯಾಟಿಕ್ ಎಕ್ಸ್‌ಪೋಷರ್‌ನ ಚೇಂಬರಿನ (ಕಿರಣ ಸಾಕಾದಾಗ ತಾನೇ ನಿಲ್ಲಿಸುವ ಭಾಗ) ಮೇಲೆ ಸೀಸ ಬಿದ್ದರೆ ಯಂತ್ರಕ್ಕೆ ಕಿರಣ ಸಾಲದು ಅನಿಸಿ ಎಕ್ಸ್‌ಪೋಷರ್ ಇನ್ನೂ ಉದ್ದವಾಗುತ್ತದೆ. ಮೈಯೊಳಗೇ ಚದುರುವ ಕಿರಣವನ್ನು ಮೇಲಿನ ಹೊದಿಕೆ ತಡೆಯುವುದೂ ಇಲ್ಲ. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ರೂಢಿಯಾಗಿ ಶೀಲ್ಡ್ ಇಡುವುದನ್ನು ಬಿಡಿ ಅಂತ ಹೇಳಿತು. 2020ರಲ್ಲಿ ಬ್ರಿಟನ್ನಿನ ಮಾರ್ಗದರ್ಶಿ, 2021ರಲ್ಲಿ ಅಮೆರಿಕದ ರಾಷ್ಟ್ರೀಯ ವಿಕಿರಣ ರಕ್ಷಣಾ ಮಂಡಳಿ ಅದೇ ದಾರಿ ಹಿಡಿದವು.

ಇದನ್ನು ಹೇಳಿದ ಮೇಲೆ ತರಗತಿಯಲ್ಲಿ ಒಂದು ಸನ್ನಿವೇಶ ಆಡಿಸಿ. ಒಬ್ಬರು ರೇಡಿಯಾಗ್ರಫರ್, ಇನ್ನೊಬ್ಬರು ಮಗುವಿನ ತಾಯಿ. "ಹೋದ ಸಲ ಸೀಸದ ಹೊದಿಕೆ ಹಾಕಿದ್ರಿ, ಈ ಸಲ ಯಾಕೆ ಹಾಕಲ್ಲ?" ಅಂತ ತಾಯಿ ಕೇಳುತ್ತಾಳೆ. ಎರಡು ನಿಮಿಷದಲ್ಲಿ, ಹೆದರಿಸದೆ, ಸುಳ್ಳು ಹೇಳದೆ ಉತ್ತರಿಸಬೇಕು. ಪುರಾವೆ ಆಧಾರಿತ ವೈದ್ಯಕೀಯದ ಬಗ್ಗೆ ಸ್ಯಾಕೆಟ್ ಮತ್ತು ಅವರ ಜೊತೆಗಾರರು 1996ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಹೇಳಿದ್ದೂ ಇದನ್ನೇ: ಹೊರಗಿನ ಪುರಾವೆ, ನಿಮ್ಮ ಅನುಭವ, ರೋಗಿಯ ಇಷ್ಟ, ಇವು ಮೂರೂ ಸೇರಬೇಕು. ಪ್ರಬಂಧದಲ್ಲಿ ಇದೆ ಅಂತ ಮಾತ್ರಕ್ಕೆ ಕಣ್ಣುಮುಚ್ಚಿ ಮಾಡುವುದು ಪುರಾವೆ ಆಧಾರಿತ ಕೆಲಸ ಅಲ್ಲ. ನಿಮ್ಮ ವಿಭಾಗದ ನಿಯಮ ಇನ್ನೂ ಶೀಲ್ಡ್ ಇಡಿ ಅನ್ನುತ್ತಿದ್ದರೆ ವಿದ್ಯಾರ್ಥಿ ತಾನೇ ಬಿಟ್ಟುಬಿಡುವ ಹಾಗಿಲ್ಲ ಅನ್ನುವುದನ್ನೂ ಅಲ್ಲೇ ಹೇಳಿ. ನಿಯಮ ಬದಲಾಗಬೇಕಾದ ದಾರಿ ಬೇರೆ.

ಪ್ರಶ್ನೆ ಕಟ್ಟುವುದನ್ನು ಕಲಿಸಲು ಸೊಂಟದ ಬೆನ್ನುಮೂಳೆಯ ಚಿತ್ರ ತೆಗೆದುಕೊಳ್ಳಿ. "ಪಿಎ ಒಳ್ಳೆಯದಾ?" ಅನ್ನುವುದು ಪ್ರಶ್ನೆಯೇ ಅಲ್ಲ. ಯಾರಿಗೆ? ಯಾವುದಕ್ಕೆ ಹೋಲಿಸಿದರೆ? ಯಾವ ವಿಷಯದಲ್ಲಿ ಒಳ್ಳೆಯದು? "ನೋವು ಕಮ್ಮಿ ಇರುವ ದೊಡ್ಡವರನ್ನು ಅಂಗಾತ ಮಲಗಿಸುವ ಬದಲು ಬೋರಲು ಮಲಗಿಸಿ ತೆಗೆದರೆ, ಚಿತ್ರದ ಗುಣ ಕೆಡದೆ ಡೋಸ್ ಇಳಿಯುತ್ತದಾ?" ಈಗ ಹುಡುಕಬಹುದು. ಬೋರಲು ಮಲಗಿದಾಗ ಹೊಟ್ಟೆ ಒತ್ತಿಕೊಂಡು ತೆಳುವಾಗುತ್ತದೆ, ಹಾಗಾಗಿ ಕಿರಣ ಕಮ್ಮಿ ಸಾಕು. ಮುಂಭಾಗದ ಅಂಗಗಳು ಕಿರಣ ಒಳಬರುವ ಕಡೆಯಿಂದ ದೂರವಾಗುತ್ತವೆ. ಬೆನ್ನಿನ ಸಹಜ ಬಾಗಿಗೆ ಕಿರಣದ ಹರಡುವಿಕೆ ಹೊಂದಿ ಡಿಸ್ಕಿನ ಸಂದುಗಳೂ ಚೆನ್ನಾಗಿ ತೆರೆಯುತ್ತವೆ. ಆದರೆ ಬೆನ್ನುಮೂಳೆ ಡಿಟೆಕ್ಟರಿನಿಂದ ದೂರ ಸರಿಯುವುದರಿಂದ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಮತ್ತೆ ನೋವಿನಲ್ಲಿ ನರಳುತ್ತಿರುವವರು ಬೋರಲು ತಿರುಗುವುದು ಹೇಗೆ? ಒಂದು ಸಣ್ಣ ಪ್ರಶ್ನೆಯಲ್ಲಿ ಭೌತವಿಜ್ಞಾನ, ಡೋಸ್, ಚಿತ್ರದ ಗುಣ, ರೋಗಿ ಎಲ್ಲರೂ ಬಂದರು.

ಪ್ರಾಜೆಕ್ಟಿನ ವಿಷಯಕ್ಕೆ ಮೊದಲ ನಿಯಮ: ಪ್ರಯೋಗಕ್ಕೋಸ್ಕರ ಯಾರ ಮೇಲೂ ಎಕ್ಸ್‌ಪೋಷರ್ ಇಲ್ಲ. ರೋಗಿಗೂ ಇಲ್ಲ, ಗೆಳೆಯನ ಕೈಗೂ ಇಲ್ಲ, ತನ್ನ ಕೈಗೂ ಇಲ್ಲ. ಫ್ಯಾಂಟಮ್ (ದೇಹದ ಬದಲು ಬಳಸುವ ಮಾದರಿ) ಇದೆ, ಹಳೆಯ ಚಿತ್ರಗಳಿವೆ. ಹಳೆಯ ಚಿತ್ರ ಬಳಸಲು ಅನುಮತಿ ಬೇಕು, ಗುರುತು ತೆಗೆದಿರಬೇಕು. ಇದು ಮಾತುಕತೆಗೆ ಬಿಡುವ ವಿಷಯ ಅಲ್ಲ.

ಫ್ಯಾಂಟಮ್ ಇದ್ದರೆ ಎಕ್ಸ್‌ಪೋಷರ್ ಇಂಡೆಕ್ಸಿನ ಪ್ರಯೋಗ ಮಾಡಿಸಿ. ಫಿಲ್ಮ್ ಕಾಲದಲ್ಲಿ ಕಿರಣ ಜಾಸ್ತಿಯಾದರೆ ಚಿತ್ರ ಕಪ್ಪಾಗಿ ಬೈಯುತ್ತಿತ್ತು. ಡಿಜಿಟಲ್‌ನಲ್ಲಿ ಜಾಸ್ತಿಯಾದರೆ ಚಿತ್ರ ಇನ್ನೂ ನುಣುಪಾಗಿ ಬರುತ್ತದೆ, ಯಾರೂ ದೂರುವುದಿಲ್ಲ. ಕಮ್ಮಿಯಾದರೆ ಮಾತ್ರ ಮರಳು ಮರಳಾಗಿ ಕಾಣುತ್ತದೆ. ಹಾಗಾಗಿ ಎಂಎಎಸ್ (ಟ್ಯೂಬಿನಿಂದ ಎಷ್ಟು ಕಿರಣ ಬರಬೇಕು ಅನ್ನುವ ಸೆಟ್ಟಿಂಗ್) ಗೊತ್ತಿಲ್ಲದ ಹಾಗೆ ಮೇಲೇರುತ್ತಾ ಹೋಗುತ್ತದೆ. ಬೇರೆ ಏನೂ ಮುಟ್ಟದೆ ಎಂಎಎಸ್ ಮಾತ್ರ ಎರಡರಷ್ಟು ಮಾಡುತ್ತಾ ಹೋಗಲಿ. ಡೀವಿಯೇಷನ್ ಇಂಡೆಕ್ಸ್ (ಡಿಟೆಕ್ಟರಿಗೆ ತಲುಪಿದ ಕಿರಣ ಗುರಿಗಿಂತ ಎಷ್ಟು ಹೆಚ್ಚುಕಮ್ಮಿ ಅನ್ನುವ ಸಂಖ್ಯೆ) ಪ್ರತಿ ಸಲ ಸುಮಾರು 3 ಏರುತ್ತದೆ, ಅರ್ಧ ಮಾಡಿದರೆ 3 ಇಳಿಯುತ್ತದೆ. ಚಿತ್ರಗಳನ್ನು ಕಲಸಿ, ಸಂಖ್ಯೆ ಮುಚ್ಚಿ, ಉಳಿದವರಿಗೆ ತೋರಿಸಿ "ಯಾವುದು ಸ್ವೀಕಾರ?" ಅಂತ ಕೇಳಲಿ. ಅನಗತ್ಯವಾಗಿ ಎರಡರಷ್ಟು, ನಾಲ್ಕರಷ್ಟು ಕಿರಣ ತಿಂದ ಚಿತ್ರಕ್ಕೇ ಹೆಚ್ಚು ಮತ ಬೀಳುವುದನ್ನು ಅವರೇ ನೋಡಲಿ. ಒಂದು ಎಚ್ಚರಿಕೆ: ಈ ಸಂಖ್ಯೆ ಡಿಟೆಕ್ಟರಿಗೆ ತಲುಪಿದ ಕಿರಣದ್ದು, ರೋಗಿಯ ಡೋಸ್ ಅಲ್ಲ. ಕೊಲಿಮೇಷನ್ (ಕಿರಣವನ್ನು ಬೇಕಾದಷ್ಟೇ ಜಾಗಕ್ಕೆ ಹಿಡಿದಿಡುವುದು) ತಪ್ಪಿದರೆ, ಚಿತ್ರದಲ್ಲಿ ಲೋಹದ ಇಂಪ್ಲಾಂಟ್ ಇದ್ದರೆ ಅದೂ ದಾರಿ ತಪ್ಪಿಸುತ್ತದೆ.

ಫ್ಯಾಂಟಮ್ ಇಲ್ಲದಿದ್ದರೆ ರಿಜೆಕ್ಟ್ ಆದ ಚಿತ್ರಗಳ ಲೆಕ್ಕ. ಇದು ಹಳೆಯ ಪ್ರಾಜೆಕ್ಟ್, ಆದರೆ ಚೆನ್ನಾಗಿ ಮಾಡುವವರು ಕಮ್ಮಿ. ಎಲ್ಲರೂ ಒಟ್ಟು ಪರ್ಸೆಂಟ್ ಹಾಕಿ ಮುಗಿಸುತ್ತಾರೆ. ಡಿಜಿಟಲ್ ರೇಡಿಯಾಗ್ರಫಿಗೆ 8 ಪರ್ಸೆಂಟ್ ಗುರಿ, 10 ದಾಟಿದರೆ ತನಿಖೆ ಅಂತ 2015ರ ಒಂದು ಅಮೆರಿಕನ್ ಮಾರ್ಗದರ್ಶಿ ಹೇಳುತ್ತದೆ. ಹಾಗಾದರೆ 2 ಪರ್ಸೆಂಟ್ ಬಂದ ವಿಭಾಗ ಅದ್ಭುತವಾ? ಇರಬಹುದು. ಕೆಟ್ಟ ಚಿತ್ರಗಳನ್ನೂ ಕಳಿಸುತ್ತಿರಬಹುದು. ರಿಜೆಕ್ಟ್ ದಾಖಲಾಗದೆ ಅಳಿಸಿಹೋಗುತ್ತಿರಬಹುದು. ಮೊಣಕಾಲಿನ ಲ್ಯಾಟರಲ್ (ಪಕ್ಕದಿಂದ ತೆಗೆದ) ಚಿತ್ರಗಳನ್ನು ಬೇರೆ ಮಾಡಿ ನೋಡಿದರೆ ಒಟ್ಟು ಲೆಕ್ಕದಲ್ಲಿ ಅಡಗಿದ್ದ ಸಮಸ್ಯೆ ಹೊರಬರಬಹುದು, ಎದೆಯ ಚಿತ್ರಗಳ ರಾಶಿಯಲ್ಲಿ ಅದು ಮುಳುಗಿರುತ್ತದೆ. ಕಾರಣದ ಕಾಲಂನಲ್ಲಿ "ಇತರೆ" ಅಂತ ಎಷ್ಟಿದೆ ನೋಡಿಸಿ. ಅದು ದೊಡ್ಡದಿದ್ದರೆ ಉಳಿದ ಕಾಲಂಗಳನ್ನು ನಂಬುವ ಹಾಗಿಲ್ಲ. ತೆಗೆದವರ ಹೆಸರು ಮಾತ್ರ ಲೆಕ್ಕಕ್ಕೆ ಬರಬಾರದು. ಬಂದರೆ ಮುಂದಿನ ತಿಂಗಳಿಂದ ಯಾರೂ ರಿಜೆಕ್ಟ್ ಅಂತ ಒತ್ತುವುದೇ ಇಲ್ಲ.

ಚಿತ್ರ ತೆಗೆಯದೇ ಇರುವುದಕ್ಕೂ ಪುರಾವೆ ಬೇಕು ಅಂತ ತೋರಿಸಲು ಒಟ್ಟಾವಾ ನಿಯಮ ಓದಿಸಿ. ಕೆನಡಾದಲ್ಲಿ ಇಯನ್ ಸ್ಟೀಲ್ ಮತ್ತು ಜೊತೆಗಾರರು 1992ರಲ್ಲಿ ಪ್ರಕಟಿಸಿದ್ದು. ಆ್ಯಂಕಲ್‌ಗೆ ಪೆಟ್ಟಾದವರಲ್ಲಿ, ಅದರ ಪಕ್ಕದ ಗಂಟುಮೂಳೆಯ ಹಿಂಭಾಗದಲ್ಲೋ ತುದಿಯಲ್ಲೋ ಒತ್ತಿದರೆ ನೋವು ಇದೆಯಾ, ನಾಲ್ಕು ಹೆಜ್ಜೆ ಇಡಲು ಆಗುತ್ತದಾ ಅಂತ ನೋಡಿ ಎಕ್ಸ್‌ರೇ ಬೇಕೋ ಬೇಡವೋ ಹೇಳುತ್ತದೆ. ಮುರಿತ ತಪ್ಪಿಹೋಗಬಾರದು ಅಂತ ಸೆನ್ಸಿಟಿವಿಟಿ 100 ಪರ್ಸೆಂಟಿನ ಹತ್ತಿರ ಇರುವ ಹಾಗೆ ಕಟ್ಟಿದರು, ಅದಕ್ಕೆ ಸ್ಪೆಸಿಫಿಸಿಟಿಯನ್ನು ಬಿಟ್ಟುಕೊಟ್ಟರು. ಆ ಎರಡು ಅಳತೆ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಅನ್ನೋದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಕೊನೆಗೆ ಪರೀಕ್ಷೆ. ವ್ಯಾಖ್ಯೆ ಬರೆಸಿದರೆ ವ್ಯಾಖ್ಯೆ ಬರುತ್ತದೆ. ಅದರ ಬದಲು ವಿಭಾಗದ ಗೋಡೆಗೆ ಅಂಟಿಸಿರುವ ಪ್ರೋಟೋಕಾಲ್ ಹಾಳೆಯ ಒಂದು ಪುಟ ಕೊಡಿ. ಕೆವಿಪಿ (ಟ್ಯೂಬಿನ ವೋಲ್ಟೇಜ್) ಇಷ್ಟು, ದೂರ ಇಷ್ಟು, ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ) ಬೇಕು, ಉಸಿರು ಹಿಡಿಸಿ. ಒಂದೊಂದು ಸಾಲಿಗೂ ಆಧಾರ ಏನು ಅಂತ ಎರಡು ವಾರದಲ್ಲಿ ಹುಡುಕಿ ಬರಲಿ. ಕೆಲವಕ್ಕೆ ಭೌತವಿಜ್ಞಾನ ಸಾಕು, ಕೆಲವಕ್ಕೆ ಒಳ್ಳೆಯ ಅಧ್ಯಯನಗಳಿವೆ, ಕೆಲವು ಯಾರೋ ಹಿರಿಯರು ಯಾವತ್ತೋ ಬರೆದಿಟ್ಟದ್ದು. "ಆಧಾರ ಸಿಗಲಿಲ್ಲ" ಅಂತ ಬರೆದವರಿಗೂ ಪೂರ್ತಿ ಅಂಕ ಕೊಡಿ, ಎಲ್ಲೆಲ್ಲಿ, ಯಾವ ಪದ ಹಾಕಿ ಹುಡುಕಿದರು ಅಂತ ಜೊತೆಗೆ ಬರೆದಿದ್ದರೆ. ಆ ಹಾಳೆಗಳನ್ನು ವಿಭಾಗದ ಮುಖ್ಯಸ್ಥರಿಗೂ ಒಂದು ಪ್ರತಿ ತಲುಪಿಸಿ. ಪ್ರೋಟೋಕಾಲ್ ತಿದ್ದುವ ಸಭೆ ಕರೆಯಲು ಅವರಿಗೆ ಕೈಯಲ್ಲಿ ಏನಾದರೂ ಬೇಕಲ್ಲ.